ಕಿರುಮಕ್ಕಳ ಮಾತು: ಶಾಲೆಯ ನಾಟಕವನ್ನೂ ವಿದ್ಯಾರ್ಥಿಯ ವಾಕ್ಸ್ವಾತಂತ್ರ್ಯವನ್ನೂ ಕುರಿತ ಒಂದು ವಿಮರ್ಶೆ

೧

ಈಚೆಗೆ ಜಿಗಣಿಯಲ್ಲಿ ಕನ್ನಡ ಅಧ್ಯಾಪಕರ ಚಿಕ್ಕದೊಂದು ಗೋಷ್ಠಿ ಕೂಡಿದ್ದಿತು. ಹಳಗನ್ನಡದ ಪದ್ಯಭಾಗಗಳನ್ನು ಪ್ರೌಢಶಾಲೆಯ ತರಗತಿಗಳಲ್ಲಿ ಬೋಧಿಸುವ ಕ್ರಮವೇ ಅಂದಿನ ಚರ್ಚೆಯ ವಿಷಯವಾಗಿತ್ತು. ಗೋಷ್ಠಿ ಮುಗಿಯುವ ವೇಳೆಗೆ ಸರ್ಕಾರಿ ಶಾಲೆಯೊಂದರ ಅಧ್ಯಾಪಿಕೆಯೊಬ್ಬರು ಎದ್ದು ನಿಂತು, ವಿಷಯಕ್ಕೆ ಸೇರದ ಮಾತೆಂದು ಕ್ಷಮೆ ಬೇಡಿ, ಒಂದು ಪ್ರಶ್ನೆಯನ್ನು ಕೇಳಿದರು. ಅವರ ತರಗತಿಯ ಮಕ್ಕಳು ವಾರ್ಷಿಕೋತ್ಸವಕ್ಕೆ ತಾವೇ ಒಂದು ನಾಟಕವನ್ನು ಕಟ್ಟುವೆವೆನ್ನುತ್ತಾರಂತೆ. ಊರಿನ ಕೆರೆಯೇ ಅದರಲ್ಲಿ ಒಂದು ಪಾತ್ರ. ಆ ಕೆರೆಯು ಕಚೇರಿಯಿಂದ ಕಚೇರಿಗೆ ಅಲೆದು, ತನ್ನ ನೀರು ಕೆಟ್ಟುದನ್ನು ದೂರಿಕೊಳ್ಳುವುದು. ಅಧಿಕಾರಿಯ ವೇಷದ ಹುಡುಗನು ಮೂಗು ಮುಚ್ಚಿಕೊಂಡು "ನಾಳೆ ಬಾ" ಎನ್ನುವನು. "ಇದನ್ನು ಆಡಿಸಬಹುದೆ? ಯಾರಾದರೂ ಆಕ್ಷೇಪಿಸಿದರೆ ಆ ಮಾತಿಗೆ ಹೊಣೆ ಯಾರು? ಮಗುವೆ, ನಾನೆ, ಅದರ ತಾಯಿತಂದೆಗಳೆ?" ಎಂಬುದು ಅವರ ಪ್ರಶ್ನೆ. ಅಲ್ಲಿದ್ದವರಲ್ಲಿ ಒಬ್ಬರೂ ಉತ್ತರ ಕೊಡಲಾರದೆ ಹೋದೆವು. ಈ ಲೇಖನವು ತಡವಾಗಿ ಬಂದ ಆ ಉತ್ತರ.

ಜಿಗಣಿಯನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಇದು ಆನೇಕಲ್ಲು ತಾಲ್ಲೂಕಿಗೆ ಸೇರಿದ ಊರು. ಇದರ ಒಂದು ಕಡೆ ಬನ್ನೇರುಘಟ್ಟದ ಕಾಡು. ಇನ್ನೊಂದು ಕಡೆ ಬೊಮ್ಮಸಂದ್ರದ ಮತ್ತು ಹೊಸೂರು ರಸ್ತೆಯ ಕಾರ್ಖಾನೆಗಳ ಸಾಲು. ಹಿಂದೆ ಹೊಲಗದ್ದೆಗಳ ಹಳ್ಳಿಯಾಗಿದ್ದುದು ಈಗ ಕಲ್ಲು ಕೊಯ್ದು ನಯಮಾಡುವ ಘಟಕಗಳಿಂದಲೂ ಬಗೆಬಗೆಯ ಕೈಗಾರಿಕೆಗಳಿಂದಲೂ ತುಂಬಿ ಪುರಸಭೆಯ ಪಟ್ಟಣವಾಗಿರುವುದು. ದುಡಿಮೆಯನ್ನು ಅರಸಿ ಬಂದವರ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಓದುತ್ತಾರೆ. ಒಬ್ಬನ ಮನೆಮಾತು ತೆಲುಗು, ಇನ್ನೊಬ್ಬನದು ತಮಿಳು, ಮತ್ತೊಬ್ಬಳದು ಹಿಂದಿ ಅಥವಾ ಒಡಿಯಾ. ಇಂಥ ಮಗುವು ತಾನಿರುವ ಊರನ್ನು ಕುರಿತು, ನಾಲ್ಕು ಜನರ ಎದುರಿಗೆ, ಕನ್ನಡದಲ್ಲಿ ಬಾಯ್ದೆರೆಯುವ ಮೊದಲ ಸಂದರ್ಭವು ಬಹುಮಟ್ಟಿಗೆ ಶಾಲೆಯ ರಂಗವೇ. ಆದುದರಿಂದ ಆ ಅಧ್ಯಾಪಿಕೆಯವರ ಪ್ರಶ್ನೆ ಕೇವಲ ಕಾನೂನಿನದಲ್ಲ; ಕನ್ನಡವನ್ನು ಕಲಿಸುವವರೆಲ್ಲರಿಗೂ ಸೇರಿದುದು.

ಅಂದಿನ ಪಾಠಚರ್ಚೆಯಲ್ಲಿ ಕವಿರಾಜಮಾರ್ಗದ ಪ್ರಸ್ತಾಪವೂ ಬಂದಿತ್ತು. ಒಂಬತ್ತನೆಯ ಶತಮಾನದ ಆ ಗ್ರಂಥದಲ್ಲಿ ನಾಡವರ ಜಾಣ್ಮೆಯನ್ನು ಹೊಗಳುವ ಪದ್ಯವು ಎಲ್ಲರಿಗೂ ಪರಿಚಿತ. ಓದು ಬರೆಹಗಳನ್ನು ಉದ್ದೇಶಪೂರ್ವಕವಾಗಿ ಕಲಿಯದವರೂ ಕಾವ್ಯಪ್ರಯೋಗದಲ್ಲಿ ಪರಿಣತರೆಂಬ ಆ ಮಾತನ್ನು ನಾವು ಸಭೆ ಸಭೆಯಲ್ಲಿ ಉದ್ಧರಿಸುತ್ತೇವೆ. ಅದರ ಬೆನ್ನಿಗೇ ಬರುವ ಪದ್ಯವನ್ನು ಅಷ್ಟಾಗಿ ನೆನೆಯುವುದಿಲ್ಲ. ಅಲ್ಲಿ ಗ್ರಂಥಕಾರನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ನಾಡಿನಲ್ಲಿ ಕಿರುಮಕ್ಕಳೂ ಮೂಗರೂ ಸಹ ವಿವೇಕವನ್ನೂ ಮಾತುಗಳನ್ನೂ ತಿಳಿಸಬಲ್ಲರೆನ್ನುವನು. ಮಗುವಿನ ಮಾತೂ ಮೂಗನ ಮೌನವೂ ಎರಡೂ ಅರ್ಥವುಳ್ಳವೆಂಬುದು ಆತನ ಅಭಿಪ್ರಾಯ. ಸ್ವತಂತ್ರ ಭಾರತದ ನ್ಯಾಯಾಲಯಗಳ ಮುಂದೆ ಶಾಲೆಯ ಮಕ್ಕಳ ವಾಕ್ಸ್ವಾತಂತ್ರ್ಯದ ಪ್ರಶ್ನೆ ಬಂದುದು ಈ ಎರಡು ರೂಪಗಳಲ್ಲಿಯೇ: ಮೊದಲು ಮೌನದ ರೂಪದಲ್ಲಿ, ಆಮೇಲೆ ಮಾತಿನ ರೂಪದಲ್ಲಿ. ಇವನ್ನು ಕ್ರಮವಾಗಿ ಪರಿಶೀಲಿಸುವೆವು.

೨

ಮೌನದ ಪ್ರಕರಣವು ಕೇರಳದ್ದು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳು ಹತ್ತು, ಒಂಬತ್ತು ಮತ್ತು ಐದನೆಯ ತರಗತಿಗಳಲ್ಲಿ ಓದುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆಯನ್ನು ಹಾಡುವಾಗ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ೧೯೮೫ರ ಜುಲೈ ತಿಂಗಳಲ್ಲಿ ಅವರನ್ನು ಶಾಲೆಯಿಂದ ಹೊರಗೆ ಹಾಕಲಾಯಿತು. ಬಿಜೋ ಇಮ್ಯಾನುಯೆಲ್ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೮೬ರ ಆಗಸ್ಟ್ ೧೧ರಂದು ತೀರ್ಪಿತ್ತು, ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿತು. ತೀರ್ಪು ನೀಡಿದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರೂ ನ್ಯಾಯಮೂರ್ತಿ ಎಂ. ಎಂ. ದತ್ತರೂ.

ಈ ತೀರ್ಪಿನಲ್ಲಿ ಸಾಹಿತ್ಯದ ಅಧ್ಯಾಪಕರು ಗಮನಿಸತಕ್ಕ ಒಂದು ಅಂಶವುಂಟು. ಮೊದಲು ವಿಚಾರಿಸಿದ ಕೇರಳದ ಉಚ್ಚ ನ್ಯಾಯಾಲಯವು ರಾಷ್ಟ್ರಗೀತೆಯ ಪದಪದವನ್ನೂ ಪರಿಶೀಲಿಸಿ, ಅದರಲ್ಲಿ ಯಾರ ಧರ್ಮಭಾವನೆಗೂ ನೋವಾಗುವ ಮಾತಿಲ್ಲವೆಂದು ತೀರ್ಮಾನಿಸಿ ಮಕ್ಕಳ ಅಹವಾಲನ್ನು ತಳ್ಳಿಹಾಕಿತ್ತು. ಅದೊಂದು ಬಗೆಯ ಕಾವ್ಯವ್ಯಾಖ್ಯಾನ, ವ್ಯಾಖ್ಯಾನವಾಗಿ ಸರಿಯಾದುದೇ. ಆದರೆ ಅಲ್ಲಿ ಕೇಳಿದ್ದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಪದ್ಯದ ಅರ್ಥ ನಿರ್ದುಷ್ಟವೆಂದಮಾತ್ರಕ್ಕೆ ಅದನ್ನು ಹಾಡಲೇಬೇಕೆಂಬ ನಿರ್ಬಂಧ ಹುಟ್ಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಕಂಡುಕೊಂಡಿತು. ಸಂವಿಧಾನದ ೧೯ನೆಯ ವಿಧಿ ಎಲ್ಲ ಪೌರರಿಗೂ ಕೊಟ್ಟ ವಾಕ್ಸ್ವಾತಂತ್ರ್ಯದಲ್ಲಿ ಸುಮ್ಮನಿರುವ ಸ್ವಾತಂತ್ರ್ಯವೂ ಅಡಗಿದೆ. ಅದನ್ನು ಕಡಮೆ ಮಾಡಬೇಕಾದರೆ ವಿಧಿವತ್ತಾದ ಶಾಸನ ಬೇಕು, ಇಲಾಖೆಯ ಸುತ್ತೋಲೆ ಸಾಲದು ಎಂಬುದು ತೀರ್ಪಿನ ತಿರುಳು. ಕೊನೆಯಲ್ಲಿ ನಮ್ಮ ಪರಂಪರೆ, ನಮ್ಮ ದರ್ಶನ, ನಮ್ಮ ಸಂವಿಧಾನ ಈ ಮೂರೂ ಸಹನೆಯನ್ನು ಕಲಿಸುವುವೆಂದು ನ್ಯಾಯಮೂರ್ತಿಗಳು ನೆನಪು ಮಾಡಿದರು. ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸುವುದೇ ಸಂಪತ್ತೆಂದ ಕವಿರಾಜಮಾರ್ಗದ ನಾಡಿಗೆ ಈ ಮಾತು ಹೊಸದಲ್ಲ.

ಅಮೆರಿಕದಲ್ಲಿಯೂ ಇದೇ ಪಂಥದ ಮಕ್ಕಳಿಂದ ಇದೇ ಪ್ರಶ್ನೆ ಎದ್ದಿತ್ತು. ಧ್ವಜವಂದನೆಯನ್ನು ಕಡ್ಡಾಯಮಾಡುವುದು ಸರಿಯೆಂದು ೧೯೪೦ರಲ್ಲಿ ಹೇಳಿದ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ೧೯೪೩ರಲ್ಲಿ, ಮಹಾಯುದ್ಧದ ನಡುವೆಯೇ, ತನ್ನ ಮತವನ್ನು ತಾನೇ ತಿದ್ದಿಕೊಂಡಿತು. ದೇಶದ ಪ್ರಾಣವೇ ಪಣಕ್ಕೆ ಬಿದ್ದಿದ್ದ ಕಾಲದಲ್ಲಿ ಒಂದು ಮಗುವಿನ ಮೌನದಿಂದ ದೇಶ ಮುಳುಗುವುದಿಲ್ಲವೆಂದು ಹೇಳುವ ಧೈರ್ಯ ಆ ನ್ಯಾಯಾಲಯಕ್ಕೆ ಇದ್ದಿತು. ಮೂಗರ ವಿವೇಕಕ್ಕೆ ಹೀಗೆ ಎರಡು ದೇಶಗಳಲ್ಲಿ ಮನ್ನಣೆ ದೊರೆಯಿತು.

೩

ಮಾತಿನ ಪ್ರಕರಣವು ನಮ್ಮ ಬೀದರಿನದು. ಪೌರತ್ವ ತಿದ್ದುಪಡಿ ಕಾಯಿದೆಯು ೨೦೧೯ರ ಡಿಸೆಂಬರಿನಲ್ಲಿ ಅಂಗೀಕೃತವಾದ ಬಳಿಕ ದೇಶದಲ್ಲೆಲ್ಲ ವಾದವಿವಾದಗಳು ನಡೆದಿದ್ದುವು. ೨೦೨೦ರ ಜನವರಿ ೨೧ರಂದು ಬೀದರಿನ ಶಾಹೀನ್ ಶಾಲೆಯ ಕೆಳತರಗತಿಗಳ ಮಕ್ಕಳು ಆ ಕಾಯಿದೆಯನ್ನೂ ಪೌರರ ನೋಂದಣಿಯನ್ನೂ ಟೀಕಿಸುವ ಒಂದು ನಾಟಕವನ್ನು ಆಡಿದರು. ಅದರಲ್ಲಿ ಪ್ರಧಾನಮಂತ್ರಿಯನ್ನು ಪಾದರಕ್ಷೆಯಿಂದ ಹೊಡೆಯಬೇಕೆಂಬ ಅರ್ಥದ ಒಂದು ಮಾತು ಬಂದಿತು. ಅದರ ಚಿತ್ರವನ್ನು ಸಾಮಾಜಿಕ ಜಾಲತಾಣದಲ್ಲಿ ಕಂಡ ಒಬ್ಬರು ದೂರು ಕೊಟ್ಟರು. ಪೊಲೀಸರು ರಾಜದ್ರೋಹವನ್ನೂ ಒಳಗೊಂಡ ಮೊಕದ್ದಮೆಯನ್ನು ದಾಖಲಿಸಿದರು. ಜನವರಿ ೩೦ರಂದು ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನೂ ಆ ಮಾತನ್ನಾಡಿದ ಬಾಲಕಿಯ ತಾಯಿಯನ್ನೂ ಬಂಧಿಸಿದರು. ಫೆಬ್ರವರಿಯ ನಡುವಿನಲ್ಲಿ ಜಾಮೀನು ದೊರೆಯುವವರೆಗೂ ಅವರಿಬ್ಬರೂ ಸೆರೆಯಲ್ಲಿದ್ದರು.

ಈ ಮಧ್ಯೆ ಪೊಲೀಸರು ಹಲವು ದಿನ ಶಾಲೆಗೆ ಬಂದು ಮಕ್ಕಳನ್ನು ವಿಚಾರಣೆಗೆ ಗುರಿಪಡಿಸಿದರು. ನಾಟಕವನ್ನು ಬರೆದವರಾರು, ಮಾತನ್ನು ಹೇಳಿಕೊಟ್ಟವರಾರು ಎಂಬುದೇ ಆ ವಿಚಾರಣೆಯ ಗುರಿ. ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದರ ಮೇಲೆ ಕರ್ನಾಟಕದ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ೨೦೨೧ರ ಆಗಸ್ಟಿನಲ್ಲಿ ಇದನ್ನು ಗಮನಿಸಿ, ಸಮವಸ್ತ್ರ ತೊಟ್ಟು ಆಯುಧ ಧರಿಸಿದ ಪೊಲೀಸರು ಮಕ್ಕಳನ್ನು ಪ್ರಶ್ನಿಸಿದುದು ಮೇಲ್ನೋಟಕ್ಕೆ ಮಕ್ಕಳ ಹಕ್ಕುಗಳ ತೀವ್ರ ಉಲ್ಲಂಘನೆಯೆಂದು ಅಭಿಪ್ರಾಯಪಟ್ಟಿತು. ಅನಂತರ ೨೦೨೩ರ ಜೂನ್ ತಿಂಗಳಲ್ಲಿ ನ್ಯಾಯಮೂರ್ತಿ ಹೇಮಂತ ಚಂದನಗೌಡರ್ ಅವರ ಏಕಸದಸ್ಯ ಪೀಠವು ಶಾಲೆಯ ಆಡಳಿತದವರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು.

"ಯಾರು ಹೇಳಿಕೊಟ್ಟರು?" ಎಂಬ ಪ್ರಶ್ನೆ ನಮ್ಮ ಸಾಹಿತ್ಯಕ್ಕೆ ಹಳೆಯದು. ಭಾಗವತದ ಏಳನೆಯ ಸ್ಕಂಧದಲ್ಲಿ ಹಿರಣ್ಯಕಶಿಪುವು ಮಗನ ಬಾಯಿಂದ ತನಗೆ ಒಪ್ಪದ ಮಾತನ್ನು ಕೇಳಿದೊಡನೆ ಮಗುವನ್ನು ಬಿಟ್ಟು ಮೊದಲು ಗುರುಪುತ್ರರ ಮೇಲೆ ಹರಿಹಾಯುವನು. ಇದನ್ನು ಕಲಿಸಿದವರು ನೀವೇ ಎನ್ನುವನು. ಅವರು ನಡುಗುತ್ತ, ಇದು ನಾವು ಕಲಿಸಿದುದಲ್ಲ, ಬೇರೆ ಯಾರೂ ಕಲಿಸಿದುದಲ್ಲವೆಂದು ಉತ್ತರ ಕೊಡುವರು. ಮಗುವಿಗೆ ಸ್ವಂತವಾದ ಒಂದು ಮಾತು ಇರಬಹುದೆಂಬುದು ಆ ಪ್ರಭುವಿನ ಕಲ್ಪನೆಗೆ ನಿಲುಕದು. ಪ್ರಹ್ಲಾದಚರಿತ್ರೆಯನ್ನು ಬಯಲಾಟಗಳಲ್ಲಿಯೂ ಶಾಲೆಯ ರಂಗದ ಮೇಲೂ ತಲೆಮಾರುಗಳಿಂದ ಆಡಿಸಿಕೊಂಡು ಬಂದ ನಮಗೆ ಈ ದೃಶ್ಯದ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಬೀದರಿನ ನಾಟಕವು ಭಕ್ತಿಯ ನಾಟಕವಲ್ಲ, ಅದರ ಮಾತುಗಳೆಲ್ಲ ಮಗುವಿನ ಸ್ವಂತದವೆಂದೂ ನಾವು ಹೇಳುವುದಿಲ್ಲ. ಪ್ರಶ್ನೆ ಕೇಳುವ ರೀತಿ ಮಾತ್ರ ಎರಡು ಕಡೆಯೂ ಒಂದೇ ಎಂಬುದಷ್ಟೇ ನಮ್ಮ ಅಭಿಪ್ರಾಯ.

೪

ಇನ್ನು ನಾಟಕದ ಸ್ವರೂಪವನ್ನು ನೋಡೋಣ. ರಂಗದ ಮೇಲೆ ಆಡಿದ ಮಾತು ಯಾರದು? ನಟನದೊ, ಪಾತ್ರದ್ದೊ, ಕವಿಯದೊ? ಅಲಂಕಾರಶಾಸ್ತ್ರವನ್ನು ಓದಿದವರೆಲ್ಲರೂ ಈ ಚರ್ಚೆಯನ್ನು ಬಲ್ಲರು. ಪ್ರಕೃತಕ್ಕೆ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದ ಕಥೆಯೇ ಸಾಕು. ಲೋಕದ ಮೊತ್ತಮೊದಲನೆಯ ನಾಟಕವು ಇಂದ್ರಧ್ವಜದ ಉತ್ಸವದಲ್ಲಿ ನಡೆಯಿತು. ಆಡಿದವರು ಭರತನ ನೂರು ಮಂದಿ ಮಕ್ಕಳು. ಅವರು ಅವನ ಶಿಷ್ಯರೂ ಹೌದು. ದೇವತೆಗಳು ದೈತ್ಯರನ್ನು ಗೆದ್ದುದೇ ವಸ್ತು. ಅದನ್ನು ಕಂಡ ದೈತ್ಯರು ಕೆರಳಿ, ವಿಘ್ನಗಳನ್ನು ಕೂಡಿಕೊಂಡು ನಟರ ಮಾತನ್ನೂ ಚೇಷ್ಟೆಯನ್ನೂ ನೆನಪನ್ನೂ ಸ್ತಂಭನ ಮಾಡಿಬಿಟ್ಟರು. ಎಂದರೆ, ಮೊದಲನೆಯ ನಾಟಕದಲ್ಲಿಯೇ ಪ್ರೇಕ್ಷಕರಿಗೆ ನೋವಾಯಿತು. ವಿದ್ಯಾರ್ಥಿಗಳ ನಾಲಗೆ ಕಟ್ಟಿಹೋಯಿತು.

ಅಲ್ಲಿ ಇಂದ್ರನು ಮಾಡಿದುದು ಒಂದು, ಬ್ರಹ್ಮನು ಮಾಡಿದುದು ಇನ್ನೊಂದು. ಇಂದ್ರನು ಧ್ವಜದ ಕೋಲನ್ನು ಎತ್ತಿಕೊಂಡು ವಿಘ್ನಗಳನ್ನು ಬಡಿದನು. ಆದರೂ ಉಳಿದವರ ಉಪದ್ರವ ನಿಲ್ಲಲಿಲ್ಲ. ಬ್ರಹ್ಮನು ಸಾಮೋಪಾಯವನ್ನು ಹಿಡಿದನು. ನೊಂದವರನ್ನು ಕರೆದು ಅವರ ದೂರನ್ನು ಕೇಳಿದನು. ನಾಟ್ಯವು ನಿಮ್ಮದನ್ನು ಮಾತ್ರವೇ ಅಥವಾ ದೇವತೆಗಳದನ್ನು ಮಾತ್ರವೇ ತೋರಿಸುವುದಲ್ಲ, ಮೂರು ಲೋಕದ ಭಾವಗಳ ಅನುಕೀರ್ತನವದು, ಅದರಲ್ಲಿ ನಿಮ್ಮ ಶುಭವೂ ಉಂಟು ಅಶುಭವೂ ಉಂಟು ಎಂದು ತಿಳಿಯಹೇಳಿದನು. ಅನುಕೀರ್ತನವೆಂಬ ಈ ಒಂದು ಪದದಲ್ಲಿ ಸಮಸ್ತ ವಿವಾದದ ಬೀಗದ ಕೈ ಇರುವುದು. ರಂಗದ ಮಾತು ಲೋಕದಲ್ಲಿ ಆಗಲೇ ಓಡಾಡುತ್ತಿರುವ ಭಾವವೊಂದರ ತೋರ್ಕೆ. ೨೦೨೦ರ ಜನವರಿಯಲ್ಲಿ ಬೀದರಿನ ಮನೆಗಳಲ್ಲಿ ಭಯವೂ ಕೋಪವೂ ಇದ್ದುವು. ಮಗುವು ಅವನ್ನು ರಂಗಕ್ಕೆ ತಂದಿತು. ಭಯವನ್ನು ರಂಗವು ಹುಟ್ಟಿಸಲಿಲ್ಲ.

ಉಚ್ಚ ನ್ಯಾಯಾಲಯದ ೨೦೨೩ರ ತೀರ್ಪಿನ ಪೂರ್ವಾರ್ಧವು ಈ ದೃಷ್ಟಿಯಿಂದ ಒಳ್ಳೆಯ ವಿಮರ್ಶೆಯಾಗಿರುವುದು. ನ್ಯಾಯಮೂರ್ತಿಗಳು ಒಂದು ವಾಕ್ಯವನ್ನು ಕಿತ್ತು ಹಿಡಿದುಕೊಳ್ಳದೆ ನಾಟಕವನ್ನು ಇಡಿಯಾಗಿ ಓದಿದರು. ಅದು ಶಾಲೆಯ ಆವರಣದೊಳಗೆ ನಡೆಯಿತು. ಆರೋಪಿಗಳಲ್ಲಿ ಒಬ್ಬರು ಜಾಲತಾಣದಲ್ಲಿ ಹಾಕಿದ ಮೇಲೆಯೇ ಹೊರಗಿನವರಿಗೆ ತಿಳಿಯಿತು. ಹಿಂಸೆಗೆ ಪ್ರೇರಿಸುವ ಮಾತು ಅದರಲ್ಲಿಲ್ಲ. ಸರ್ಕಾರದ ನೀತಿಯ ಟೀಕೆ ರಾಜದ್ರೋಹವಾಗದು ಎಂದು ಅವರು ಕಂಡರು. ಪಾದರಕ್ಷೆಯ ಮಾತನ್ನು ಅವಮಾನಕರ, ಬೇಜವಾಬ್ದಾರಿಯದು ಎಂದು ಖಂಡಿಸಿದರು. ಆದರೂ ಅದು ಅಪರಾಧವಲ್ಲವೆಂದರು. ಸಂದರ್ಭ, ಸಹೃದಯ, ಸಮಗ್ರತೆ ಎಂಬ ಮೂರನ್ನೂ ಬಿಡದೆ ಓದಿದ ಓದು ಇದು. ಅಲ್ಪದೋಷವನ್ನು ದೋಷವೆಂದೇ ಹೇಳಿ, ಅದಕ್ಕಾಗಿ ಕೃತಿಯನ್ನು ಸುಡಬಾರದೆಂಬುದು ನಮ್ಮ ಹಳೆಯ ವಿಮರ್ಶಕರ ಮರ್ಯಾದೆಯೂ ಆಗಿತ್ತು.

ನಾಟ್ಯಶಾಸ್ತ್ರದ ಕೊನೆಯ ಅಧ್ಯಾಯವು ಈ ಅಲ್ಪದೋಷವನ್ನೂ ಮರೆತಿಲ್ಲ. ಭರತಪುತ್ರರು ವಿದ್ಯೆಯ ಮದದಿಂದ ಋಷಿಗಳನ್ನು ಅಣಕಿಸಿ ಪ್ರಹಸನವನ್ನಾಡಿ ಶಾಪಕ್ಕೆ ಗುರಿಯಾದರು. ಅಣಕಕ್ಕೆ ಮೇರೆಯುಂಟೆಂಬುದು ಆ ಕಥೆಯ ನೀತಿ. ಆದರೆ ದೇವತೆಗಳು ಬೇಡಿಕೊಂಡಾಗ ಋಷಿಗಳು, ನಾಟ್ಯಕ್ಕೆ ನಾಶವಿಲ್ಲವೆಂಬ ಮಾತನ್ನು ಕೊಟ್ಟರು. ಕೆರಳಿದ ಋಷಿಗಳೂ ಉಳಿಸಿದ ಆ ನಾಟ್ಯವನ್ನು ಇಂದಿನ ದಂಡಸಂಹಿತೆಯು ಅಳಿಸಬೇಕಾದ ಕಾರಣವೇನು?

೫

ತೀರ್ಪಿನ ಉತ್ತರಾರ್ಧಕ್ಕೆ ಬಂದರೆ ನಾವು ಒಪ್ಪಲಾರದ ಮಾತುಗಳು ಎದುರಾಗುವುವು. ವಿದ್ವಾಂಸರಾದ ನ್ಯಾಯಮೂರ್ತಿಗಳಲ್ಲಿ ಪೂರ್ಣ ಗೌರವವನ್ನಿಟ್ಟುಕೊಂಡೇ ಇದನ್ನು ಹೇಳುತ್ತಿರುವೆವು. ಮೊಕದ್ದಮೆಯನ್ನು ರದ್ದುಗೊಳಿಸಿದ ಬಳಿಕ ತೀರ್ಪು ಶಾಲೆಗಳಿಗೆ ಒಂದು ಉಪದೇಶವನ್ನು ನೀಡುವುದು. ಮಕ್ಕಳ ಓದಿನ ಆಸಕ್ತಿಯನ್ನು ಬೆಳೆಸುವಂಥ ವಿಷಯಗಳನ್ನು ನಾಟಕಕ್ಕೆ ಆರಿಸಿಕೊಳ್ಳಬೇಕು. ಪ್ರಚಲಿತ ರಾಜಕೀಯದ ಕಡೆಗೆ ಸುಳಿಯುವುದರಿಂದ ಎಳೆಯ ಮನಸ್ಸು ಕೆಡುವುದು. ಜ್ಞಾನದ ನದಿಗಳು ಮಕ್ಕಳ ಕಡೆಗೆ ಹರಿಯಬೇಕು. ಸರ್ಕಾರದ ನೀತಿಯನ್ನು ಟೀಕಿಸಲು ಕಲಿಸುವುದು ಶಿಕ್ಷಣದ ಚೌಕಟ್ಟಿಗೆ ಹೊರಗು. ಇದು ಅದರ ಭಾವಾರ್ಥ.

ಉಪದೇಶದ ಹಿಂದೆ ಕರುಣೆಯಿದೆ, ಸಂದೇಹವಿಲ್ಲ. ಮಕ್ಕಳು ಹಿರಿಯರ ಕಾದಾಟಕ್ಕೆ ಸಿಕ್ಕಿ ನಲುಗಬಾರದೆಂಬ ಚಿಂತೆ ಸಾಧುವಾದುದೇ. ಆದರೆ ಆ ನದಿಯ ರೂಪಕವನ್ನು ಕೊಂಚ ಪರೀಕ್ಷಿಸಬೇಕು. ನದಿಯು ಮಗುವಿನ ಕಡೆಗೆ ಹರಿಯುವುದು. ಮಗುವಿನಿಂದ ಏನೂ ಹರಿಯುವುದಿಲ್ಲ. ಮಗುವು ಇಲ್ಲಿ ತುಂಬಿಸಿಕೊಳ್ಳುವ ಪಾತ್ರೆ. ತೀರ್ಪಿನ ಪೂರ್ವಾರ್ಧವು ವಯಸ್ಕರ ವಾಕ್ಸ್ವಾತಂತ್ರ್ಯವನ್ನು ಎತ್ತಿಹಿಡಿದು ಅವರನ್ನು ಬಿಡುಗಡೆ ಮಾಡಿತು. ಉತ್ತರಾರ್ಧವು ಮಗುವಿಗೆ ಅಂಥ ಸ್ವಾತಂತ್ರ್ಯವುಂಟೊ ಇಲ್ಲವೊ ಎಂದು ಕೇಳದೆಯೇ ಮುಂದೆ ಹೋಯಿತು. ರಂಗದ ಮೇಲೆ ಮಾತಾಡಿದವರು ಮಕ್ಕಳು. ತೀರ್ಪಿನಲ್ಲಿ ಮಾತ್ರ ಅವರು ಮಾತಾಡುವವರಾಗಿ ಕಾಣಿಸಿಕೊಳ್ಳುವುದಿಲ್ಲ. ೧೯೮೬ರ ತೀರ್ಪಿನೊಡನೆ ಇದನ್ನು ಹೋಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುವುದು. ಅಲ್ಲಿ ಐದನೆಯ ತರಗತಿಯ ಮಗುವಿನ ಮೌನಕ್ಕೂ ೧೯ನೆಯ ವಿಧಿಯ ರಕ್ಷಣೆ ಸಿಕ್ಕಿತು. ಮೌನಕ್ಕೆ ಹಕ್ಕುಳ್ಳ ಮಗುವಿಗೆ ಮಾತಿಗೆ ಹಕ್ಕಿಲ್ಲವೆನ್ನುವುದು ತರ್ಕಕ್ಕೆ ಒಗ್ಗದ ಮಾತು.

ಮಗುವನ್ನು ತುಂಬಬೇಕಾದ ಪಾತ್ರೆಯೆಂದು ಬಗೆಯುವ ಶಿಕ್ಷಣವನ್ನು ನಮ್ಮ ನಾಟಕಕಾರರು ಎಂದೋ ವಿಮರ್ಶಿಸಿದ್ದಾರೆ. ಕೈಲಾಸಂ ಅವರ 'ಟೊಳ್ಳುಗಟ್ಟಿ'ಗೆ 'ಮಕ್ಕಳ ಸ್ಕೂಲು ಮನೆಯಲ್ಲವೇ' ಎಂಬ ಅರ್ಥದ ಇನ್ನೊಂದು ಹೆಸರೂ ಉಂಟು. ಅಲ್ಲಿ ಪಾಠವನ್ನು ಉರುಹೊಡೆದವನು ಟೊಳ್ಳು; ಪರೀಕ್ಷೆಯಲ್ಲಿ ಹಿಂದುಳಿದರೂ ಮನುಷ್ಯತ್ವವುಳ್ಳವನು ಗಟ್ಟಿ. ರವೀಂದ್ರನಾಥ ಠಾಕೂರರ ಗಿಳಿಯ ಕಥೆಯಿಂದ ಬಿ. ವಿ. ಕಾರಂತರು ಕಟ್ಟಿದ 'ಪಂಜರ ಶಾಲೆ' ಇನ್ನೂ ಕಠೋರವಾದುದು. ಆ ಕಥೆಯಲ್ಲಿ ಪಂಡಿತರು ಚಿನ್ನದ ಪಂಜರದಲ್ಲಿ ಹಕ್ಕಿಯನ್ನಿಟ್ಟು ಗ್ರಂಥಗಳ ಹಾಳೆಗಳನ್ನು ಅದರ ಗಂಟಲಿಗೆ ತುರುಕುವರು; ಹಾಡು ನಿಂತಾಗ ಶಿಕ್ಷಣ ಪೂರ್ಣವಾಯಿತೆನ್ನುವರು. ಈ ನಾಟಕವನ್ನು ಆಡಿದವರು ಮಕ್ಕಳೇ. ಅವರು ಟೀಕಿಸಿದುದು ಯಾರನ್ನು? ತಮ್ಮನ್ನು ಕಲಿಸುವ ವ್ಯವಸ್ಥೆಯನ್ನೇ. ಟೀಕೆಯು ಶಿಕ್ಷಣದ ಚೌಕಟ್ಟಿಗೆ ಹೊರಗಾಗಿದ್ದರೆ ಕನ್ನಡದ ಮಕ್ಕಳ ರಂಗಭೂಮಿಯ ಬಹುಭಾಗವು ಹೊರಗೇ ನಿಲ್ಲಬೇಕಾದೀತು.

ರಾಜಕೀಯವು ಎಳೆಯರನ್ನು ಕೆಡಿಸುವುದೆಂಬ ಮಾತಿಗೂ ನಮ್ಮ ಚರಿತ್ರೆಯೇ ಉತ್ತರ ಹೇಳುವುದು. ೧೯೪೨ರ ಚಳವಳಿಯಲ್ಲಿ ಹುಬ್ಬಳ್ಳಿಯ ಬಾಲಕ ನಾರಾಯಣ ಡೋಣಿಯು ಗುಂಡೇಟಿಗೆ ಬಲಿಯಾದನು. ೧೯೪೭ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಹೋರಾಟದಲ್ಲಿ ಮೈಸೂರಿನ ವಿದ್ಯಾರ್ಥಿ ರಾಮಸ್ವಾಮಿಯು ಮಡಿದನು. ಆ ನಗರದ ಒಂದು ವೃತ್ತವು ಅವನ ಹೆಸರನ್ನು ಹೊತ್ತಿದೆ. ಇವರನ್ನು ನಾವು ಕೆಟ್ಟ ಮಕ್ಕಳೆನ್ನುವುದಿಲ್ಲ. ಅಂಥ ಬಲಿ ಇನ್ನು ಬೇಡವೆಂಬ ಕಾರಣದಿಂದಲೇ ಸಂವಿಧಾನವನ್ನು ರಚಿಸಿಕೊಂಡೆವು. ಬೀದಿಯಲ್ಲಿ ಪ್ರಾಣವನ್ನು ಕೊಟ್ಟು ಹೇಳಬೇಕಾದುದನ್ನು ರಂಗದ ಮೇಲೆ ನಿರ್ಭಯವಾಗಿ ಹೇಳುವಂತಾಗಲೆಂದು ವಾಕ್ಸ್ವಾತಂತ್ರ್ಯವನ್ನು ಅದರಲ್ಲಿ ಬರೆದಿಟ್ಟೆವು.

೬

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು, ಎರಡೂ ಬಲವುಳ್ಳವು.

ಮೊದಲನೆಯದು: ಶಾಲೆಯ ನಾಟಕದ ಮಾತು ಮಗುವಿನದೇ ಅಲ್ಲ, ಹಿರಿಯರು ಮಗುವಿನ ಬಾಯಲ್ಲಿ ಇಟ್ಟುದು ಎಂಬುದು. ಇದನ್ನು ಪರೀಕ್ಷಿಸಲು ಎದುರುಬದಿಯ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೀದರ್ ಪ್ರಕರಣಕ್ಕೆ ಕೆಲವೇ ವಾರಗಳ ಹಿಂದೆ, ೨೦೧೯ರ ಡಿಸೆಂಬರಿನಲ್ಲಿ, ದಕ್ಷಿಣ ಕನ್ನಡ ಜಿಲ್ಲೆಯ ಕಲ್ಲಡ್ಕದ ಶ್ರೀರಾಮ ವಿದ್ಯಾಕೇಂದ್ರದ ಕ್ರೀಡೋತ್ಸವದಲ್ಲಿ ಮಕ್ಕಳು ಬಾಬರಿ ಮಸೀದಿಯನ್ನು ಕೆಡವಿದುದನ್ನು ಅಭಿನಯಿಸಿದರು. ಅಲ್ಲಿಯೂ ಪೊಲೀಸರಲ್ಲಿ ದೂರು ದಾಖಲಾಯಿತು. ಬೀದರಿನ ನಾಟಕವನ್ನು ಮೆಚ್ಚಿದವರಲ್ಲಿ ಹಲವರಿಗೆ ಕಲ್ಲಡ್ಕದ ಅಭಿನಯವು ನೋವು ತಂದಿತು. ಅದನ್ನು ಮೆಚ್ಚಿದವರಲ್ಲಿ ಹಲವರಿಗೆ ಬೀದರಿನದು ನೋವು ತಂದಿತು. ವಿಮರ್ಶಕನಾದವನು ಎರಡಕ್ಕೂ ಒಂದೇ ಅಳತೆಗೋಲನ್ನು ಹಿಡಿಯಬೇಕು. ಎರಡು ಕಡೆಯೂ ವಸ್ತುವನ್ನು ಆರಿಸುವುದರಲ್ಲಿ ಹಿರಿಯರ ಕೈಯಿದ್ದುದನ್ನು ಅಲ್ಲಗಳೆಯಲಾಗದು. ಹಿರಿಯರು ಮಕ್ಕಳನ್ನು ತಮ್ಮ ಮುಖವಾಣಿಯಾಗಿ ಬಳಸುವ ಸ್ವಾತಂತ್ರ್ಯವು ಮಕ್ಕಳ ವಾಕ್ಸ್ವಾತಂತ್ರ್ಯವಲ್ಲ. ಇದು ನಿಜ.

ಆದರೆ ಈ ದೋಷಕ್ಕೆ ಮದ್ದು ಠಾಣೆಯಲ್ಲಿಲ್ಲ. ಪೊಲೀಸರ ಕೋಲು ಇಂದ್ರನ ಕೋಲಿನಂತೆ. ವಿಘ್ನವನ್ನು ಬಡಿಯಹೋಗಿ ನಟರ ನಾಲಗೆಯನ್ನೂ ಕಟ್ಟಿಹಾಕುವುದು. ಮದ್ದು ಇರುವುದು ನಾಟಕದ ಒಳಗೆ. ಪ್ರತಿವಾದಿಗೆ ಉತ್ತರವನ್ನು ಕೊಡುವ ಪಾತ್ರವಿಲ್ಲದಿದ್ದರೆ ನಾಟಕವು ಭಾಷಣವಾಗುವುದು. ಮಗುವು ತಾನು ದ್ವೇಷಿಸುವವನ ವೇಷವನ್ನೂ ಹಾಕಬೇಕು, ಅವನ ಮಾತನ್ನೂ ಆಡಬೇಕು. ಆಗ ಅನುಕೀರ್ತನವು ಮೂರು ಲೋಕದ್ದಾಗುವುದು. ಇದು ಅಧ್ಯಾಪಕನ ಕೆಲಸ. ಕಾನೂನು ಇದನ್ನು ವಿಧಿಸಲಾರದು, ವಿಧಿಸಲೂಬಾರದು.

ಎರಡನೆಯ ಆಕ್ಷೇಪ: ಶಾಲೆಯೆಂಬುದು ಶಿಸ್ತಿನ ಸ್ಥಳ, ಅಲ್ಲಿ ಹಕ್ಕುಗಳು ಪೂರ್ಣವಾಗಿ ಇರಲಾರವು ಎಂಬುದು. ಹಿಜಾಬಿನ ವಿವಾದದಲ್ಲಿ ೨೦೨೨ರ ಮಾರ್ಚ್ ೧೫ರಂದು ಕರ್ನಾಟಕದ ಉಚ್ಚ ನ್ಯಾಯಾಲಯದ ಪೂರ್ಣಪೀಠವು ತರಗತಿಯನ್ನು ಮಿತಿಯುಳ್ಳ ಸಾರ್ವಜನಿಕ ಸ್ಥಳಗಳ ಗುಂಪಿಗೆ ಸೇರಿಸಿತು. ಅಲ್ಲಿ ಮೂಲಹಕ್ಕುಗಳು ಒಂದು ಬಗೆಯ ವ್ಯುತ್ಪನ್ನ ಹಕ್ಕುಗಳಾಗಿ ಮಾರ್ಪಡುವುವೆಂದಿತು. ಮೇಲ್ಮನವಿಯಲ್ಲಿ ಅದೇ ವರ್ಷದ ಅಕ್ಟೋಬರ್ ೧೩ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ತಾಳಿದರು. ಹೇಮಂತ ಗುಪ್ತರು ಉಚ್ಚ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿದರು. ಸುಧಾಂಶು ಧುಲಿಯಾ ಅವರು, ಶಾಲೆಯನ್ನು ಸೆರೆಮನೆಗೂ ಸೈನ್ಯದ ಶಿಬಿರಕ್ಕೂ ಹೋಲಿಸುವುದು ಸರಿಯಲ್ಲವೆಂದರು. ಉಡುಪಿನ ಪ್ರಶ್ನೆಯ ಗುಣಾವಗುಣಗಳು ಇಲ್ಲಿಯ ವಿಷಯವಲ್ಲ. ಶಾಲೆಯೆಂಬ ಸ್ಥಳದ ಸ್ವರೂಪವೇನೆಂಬುದಷ್ಟೇ ನಮ್ಮ ವಿಚಾರ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೬೯ರಲ್ಲಿ ಇದಕ್ಕೊಂದು ನಡುದಾರಿಯನ್ನು ತೋರಿತು. ವಿಯೆಟ್ನಾಮ್ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪುಪಟ್ಟಿ ಕಟ್ಟಿ ಬಂದ ವಿದ್ಯಾರ್ಥಿಗಳ ಮೊಕದ್ದಮೆಯದು. ಶಾಲೆಯ ಬಾಗಿಲಲ್ಲಿ ಹಕ್ಕುಗಳನ್ನು ಕಳಚಿಟ್ಟು ಒಳಗೆ ಹೋಗಬೇಕಾದುದಿಲ್ಲ. ಪಾಠಕ್ಕೆ ನಿಜವಾದ ಅಡಚಣೆಯಾದರೆ ಮಾತ್ರ ತಡೆಯಬಹುದು. ಕೇವಲ ಅಳುಕು ತಡೆಗೆ ಕಾರಣವಾಗದು ಎಂದಿತು. ಭಾರತವು ೧೯೯೨ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯೂ ಮಗುವಿಗೆ ತನ್ನ ಅಭಿಪ್ರಾಯವನ್ನು ಹೇಳುವ ಹಕ್ಕನ್ನು ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಮನ್ನಿಸುವುದು. ಶಿಸ್ತು ಬೇಕು, ಮಾತಿನ ಹೊತ್ತಿಗೆ ಮಾತು, ಪಾಠದ ಹೊತ್ತಿಗೆ ಪಾಠವೆಂಬುದೇ ಆ ಶಿಸ್ತು. ವಾರ್ಷಿಕೋತ್ಸವದ ರಂಗವು ಮಾತಿಗೆಂದೇ ಎತ್ತಿ ಕಟ್ಟಿದ ಸ್ಥಳ.

೭

ಈಗ ಜಿಗಣಿಯ ಅಧ್ಯಾಪಿಕೆಯವರ ಪ್ರಶ್ನೆಗೆ ಬರೋಣ. ಆ ನಾಟಕವನ್ನು ಆಡಿಸಬಹುದು, ಆಡಿಸಬೇಕು. ಕೆಟ್ಟ ನೀರಿನ ವಾಸನೆಯನ್ನು ದಿನವೂ ಕುಡಿಯುವ ಮಗುವಿಗೆ ಅದನ್ನು ಕುರಿತು ಮಾತಾಡುವ ಅಧಿಕಾರ ನಮಗಿಂತ ಕಡಮೆಯಾದುದಲ್ಲ. ಕರ್ನಾಟಕದ ಗ್ರಾಮಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯನ್ನು ಕೂಡಿಸಿ, ಊರಿನ ಕುಂದುಕೊರತೆಗಳನ್ನು ಅವರ ಬಾಯಿಂದಲೇ ಕೇಳುವ ಪದ್ಧತಿಯುಂಟು. ಸರ್ಕಾರವೇ ಆಹ್ವಾನಿಸಿ ಕೇಳುವ ದೂರು, ಅದೇ ಮಗುವು ವೇಷ ಹಾಕಿ ಹೇಳಿದಾಗ ಅಪಚಾರವಾಗುವುದು ಹೇಗೆ? ಹಳ್ಳಿತನ ಕಳೆದು ಪುರಸಭೆಯಾದ ಊರಿನ ಮಕ್ಕಳಿಗೆ ಶಾಲೆಯ ರಂಗವು ಆ ಸಭೆಗೆ ಬದಲಾಗಿ ಒದಗಲಿ.

ಆಡಿಸುವಾಗ ಎರಡು ಎಚ್ಚರಿಕೆಗಳು ಸಾಕು. ಮೊದಲನೆಯದು, ಮಾತು ಮಕ್ಕಳದಾಗಿರಲಿ. ಅಧ್ಯಾಪಕರು ವ್ಯಾಕರಣವನ್ನು ತಿದ್ದಲಿ, ಅಭಿಪ್ರಾಯವನ್ನು ತಿದ್ದದಿರಲಿ. ಎರಡನೆಯದು, ಅಧಿಕಾರಿಯ ಪಾತ್ರಕ್ಕೂ ಒಂದು ನ್ಯಾಯವಾದ ಮಾತು ಸಿಗಲಿ. ಆತನು ಏಕೆ "ನಾಳೆ ಬಾ" ಎನ್ನುತ್ತಾನೆ? ಆತನ ಮೇಜಿನ ಮೇಲೆ ಎಷ್ಟು ಕೆರೆಗಳ ದೂರುಗಳು ಬಿದ್ದಿವೆ? ಕಾರ್ಖಾನೆಯಲ್ಲಿ ದುಡಿಯುವ ತಂದೆಯ ಅನ್ನದ ಮಾತೇನು? ಈ ಪ್ರಶ್ನೆಗಳನ್ನು ಮಕ್ಕಳ ಮುಂದಿಟ್ಟರೆ ನಾಟಕ ಇನ್ನೂ ಗಟ್ಟಿಯಾಗುವುದು, ಅಣಕವು ಅನುಕೀರ್ತನವಾಗುವುದು.

ಹೊಣೆ ಯಾರದು ಎಂಬುದು ಅವರ ಕೊನೆಯ ಪ್ರಶ್ನೆ. ರಂಗವನ್ನು ಒದಗಿಸಿದ ಹಿರಿಯರದೇ ಹೊಣೆ ಎಂದು ನಮ್ಮ ಮತ. ಅದು ಮಾತಿಗೆ ದಂಡ ತೆರುವ ಹೊಣೆಯಲ್ಲ. ಮಾತಾಡಿದ ಮಗುವಿನ ಬೆನ್ನಿಗೆ ನಿಲ್ಲುವ ಹೊಣೆ. ಯಾರು ಹೇಳಿಕೊಟ್ಟರೆಂದು ಯಾರಾದರೂ ಗದರಿ ಕೇಳಿದಾಗ ಗುರುಪುತ್ರರಂತೆ ನಡುಗದೆ, ಮಾತಾಡುವುದನ್ನು ಕಲಿಸಿದವರು ನಾವೆಂದು ಹೇಳುವಷ್ಟು ಸ್ಥೈರ್ಯ ಭಾಷೆಯ ಅಧ್ಯಾಪಕರಿಗಿರಬೇಕು. ಕಿರುಮಕ್ಕಳೂ ವಿವೇಕವನ್ನು ತಿಳಿಸಬಲ್ಲರೆಂದು ಸಾವಿರ ವರ್ಷಕ್ಕೂ ಹಿಂದೆ ಬರೆದಿಟ್ಟ ನಾಡು ಇದು. ಆ ಪದ್ಯವನ್ನು ತರಗತಿಯಲ್ಲಿ ಅನ್ವಯಾರ್ಥಸಹಿತ ಒಪ್ಪಿಸುವ ಮಗುವಿಗೆ, ಸಂಜೆ ರಂಗದ ಮೇಲೆ ಬಾಯಿ ಮುಚ್ಚೆಂದು ಹೇಳಿದರೆ, ನಾವು ಕಲಿಸಿದ ಪಾಠಕ್ಕೆ ಅರ್ಥವೇ ಉಳಿಯದು.